ಕಳೆದುಹೋಗದ ಎಮ್ಮೆಯ ಹುಡುಕಾಟ

ನಮ್ಮ ಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ಎಮ್ಮೆ ಕಟ್ಟುವ ಹಗ್ಗವೊಂದು ನೇತಾಡುತ್ತಿದೆ. ಮನೆಯಲ್ಲಿ ಎಮ್ಮೆಯಿಲ್ಲ. ಚಿತ್ರದುರ್ಗದಲ್ಲಿ ನಾವಿರುವುದು ಮೇಲಿನ ಮಹಡಿಯಲ್ಲಿ. ಎಮ್ಮೆ ತಂದರೂ ಅದು ಹದಿನೆಂಟು ಮೆಟ್ಟಿಲು ಹತ್ತಬೇಕಾಗುತ್ತದೆ. ಆದ್ದರಿಂದ ಬಂದವರು ಚಪ್ಪಲಿ ಬಿಡುತ್ತಾ ಒಮ್ಮೆ ಹಗ್ಗ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ. ಸಂಕೋಚದವರು ಸುಮ್ಮನೆ ಒಳಗೆ ಬಂದು ಕೂರುತ್ತಾರೆ. ಸಲುಗೆಯವರು, "ಏನ್ ಮೇಷ್ಟ್ರೆ, ಮನೆಯೋರು ನಿಮ್ಮನ್ನ ಕಟ್ಟಿ ಹಾಕಾಕೆ ಇಟ್ಕಂಡಿದಾರಾ?" ಎಂದು ಕೇಳಿಯೇ ಬಿಡುತ್ತಾರೆ. ಅಡುಗೆಮನೆಯಿಂದ ನನ್ನ ಹೆಂಡತಿ ನಗುವುದು ಕೇಳಿಸುತ್ತದೆ. ನಾನು ಗಂಭೀರವಾಗಿ, "ಅದು ವ್ಯಾಯಾಮದ ಸಲಕರಣೆ" ಎನ್ನುತ್ತೇನೆ. ನೀವೂ ನಗಬಹುದು, ಆದರೆ ಮಾತು ನಿಜ.

ನಾನು ಹೊಳಲ್ಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಮತೋಲನ ಆಹಾರದ ಪಾಠವನ್ನು ಎಷ್ಟು ವರ್ಷದಿಂದ ಮಾಡುತ್ತಿದ್ದೇನೆಂದರೆ, ಶುರು ಮಾಡಿದಾಗ ನನಗೂ ಬೋರ್ಡಿಗೂ ನಡುವೆ ಏನೂ ಇರಲಿಲ್ಲ, ಈಗ ಹೊಟ್ಟೆಯಿದೆ. ಬರೆಯುವಾಗ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಹೀಗಾಗಿ ಬೆಳಗಿನ ಹೊತ್ತು ಮೂವರು ಗೆಳೆಯರೊಂದಿಗೆ ಜೋಗಿಮಟ್ಟಿ ರಸ್ತೆಯಲ್ಲಿ ನಡೆಯುವ ಅಭ್ಯಾಸ ಇಟ್ಟುಕೊಂಡೆ. ಹೋಗುವಾಗ ಪ್ರೋಟೀನು, ನಾರು, ಸ್ನಾಯು ಎಂದು ಭಾರೀ ಚರ್ಚೆ. ಬರುವಾಗ ಎಲ್ಲರೂ ಮೌನ, ಯಾಕೆಂದರೆ ಹೋಟೆಲಿನ ವಡೆ ಖಾಲಿಯಾಗುವುದರೊಳಗೆ ತಲುಪಬೇಕು. ಅಂದರೆ, ನನಗೆ ವಿಷಯ ಗೊತ್ತಿಲ್ಲ ಅಂತಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಂಡು ಖರ್ಚು ಮಾಡುತ್ತವೆ ಎಂಬುದು ಗೊತ್ತು. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಮುದ್ದೆ, ಅನ್ನಕ್ಕೆ ಕೈ ಹಾಕಿದರೆ ಸಕ್ಕರೆ ದಡದಡ ಏರುವುದಿಲ್ಲ ಎಂಬುದೂ ಗೊತ್ತು. ಗೊತ್ತಿದ್ದದ್ದನ್ನು ಇನ್ನೊಬ್ಬರಿಂದ ಮಾಡಿಸುವುದೇ ಮೇಷ್ಟರ ಕೆಲಸವಲ್ಲವೇ?

ಆ ಇನ್ನೊಬ್ಬರು ನನ್ನ ಅಕ್ಕ ಗಂಗಮ್ಮ.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ನಮ್ಮದು ಹಿರೇಗುಂಟನೂರು ಕಡೆಯ ಹಳ್ಳಿ. ಅಕ್ಕನನ್ನು ಕೊಟ್ಟಿದ್ದು ಹೊಸದುರ್ಗ ತಾಲ್ಲೂಕಿನ ಬಾಗೂರಿಗೆ. ಏಳನೇ ಕ್ಲಾಸು ಮುಗಿಸಿ ಪುಸ್ತಕ ಮುಟ್ಟದೆ ಗೋಲಿ ಆಡಿಕೊಂಡಿದ್ದ ನನ್ನನ್ನು ಅವಳು ಒಂದು ದಿನ ಬಂದು, "ಇವನ್ನ ನಾನು ಕರ್ಕಂಡು ಹೋಗ್ತೀನಿ" ಎಂದು ಬಟ್ಟೆಯ ಗಂಟಿನ ಸಮೇತ ಬಸ್ಸು ಹತ್ತಿಸಿದಳು. ಐದು ವರ್ಷ ಅವಳ ಮನೆಯಲ್ಲಿದ್ದು ಓದಿದೆ. ಓದಿದ್ದಕ್ಕಿಂತ ತಿಂದದ್ದು ಹೆಚ್ಚು ನೆನಪಿದೆ. ಅಕ್ಕ ಮುದ್ದೆಯ ಪಾತ್ರೆಯನ್ನು ನೆಲದ ಮೇಲಿಟ್ಟು, ಪಾದಗಳಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವುತ್ತಿದ್ದಳು. ಎದುರಿಗೆ ತಟ್ಟೆ ಹಿಡಿದು ನಾನು. ಹಬೆಯಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಕೈ ಒದ್ದೆ ಮಾಡಿಕೊಂಡು ಮುದ್ದೆ ಉಂಡೆಗಟ್ಟಿ, ನನ್ನದಕ್ಕೆ ಮಾತ್ರ ಇನ್ನೊಂದು ಹಿಡಿ ಮೆತ್ತಿ, ಮೇಲೆ ಗುಳಿ ಮಾಡಿ ಬೆಣ್ಣೆ ಇಡುತ್ತಿದ್ದಳು. ನಾನು ಅಗಿಯುವುದು ಕಂಡರೆ ಬೈಯುತ್ತಿದ್ದಳು. "ನುಂಗಲೇ. ಅಗಿಯಾಕೆ ಅದೇನು ಕಬ್ಬಾ?"

ಆ ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ. ಮಾತ್ರೆ ನುಂಗುತ್ತಿದ್ದಳು, ಅಷ್ಟೆ, ಉಳಿದದ್ದೆಲ್ಲ ಹಳೆಯದೇ. ಹೋದ ವರ್ಷ ಹಿಮ್ಮಡಿಗೆ ಜಾಲಿಮುಳ್ಳು ಹೊಕ್ಕಿತು. ಮುಳ್ಳು ತೆಗೆದರು, ಗಾಯ ಮಾಯಲಿಲ್ಲ. ವಾರಗಟ್ಟಲೆ ಕುಂಟಿದ ಮೇಲೆ ಅಂತೂ ಗಾಯ ಕೂಡಿತು. ಹೊಸದುರ್ಗದ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, "ಮೂರು ತಿಂಗಳು ಟೈಮ್ ಕೊಡ್ತೀನಮ್ಮ. ಮಾತ್ರೆ ಬಿಡಬೇಡಿ, ಊಟ ಓಡಾಟ ಸರಿ ಮಾಡ್ಕಳಿ. ಇಳೀಲಿಲ್ಲ ಅಂದ್ರೆ ಇನ್ಸುಲಿನ್ ಶುರು ಮಾಡಾಣ. ಕಾಲು ಹುಷಾರು" ಎಂದರಂತೆ. ಕಾಲು ಹುಷಾರು ಎಂಬ ಮಾತು ಅಕ್ಕನನ್ನು ಹೆದರಿಸಿತ್ತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು: ವಿಷಯ ಊರಿಗೆ ಗೊತ್ತಾಗಬಾರದು. ಅವರ ಬೀದಿಯಲ್ಲಿ ಮದುವೆ, ನಾಮಕರಣ ಏನಿದ್ದರೂ ಪಾಯಸದ ಹದ ನೋಡಲು ಅಕ್ಕನನ್ನೇ ಕರೆಯುವುದು. "ಕಾಯಿಲೆಯೋಳು ಅಂತ ಗೊತ್ತಾದ್ರೆ ಎಲ್ರೂ ಪಾಪ ಅಂತಾರೆ. ಪಾಪ ಅನ್ನಿಸ್ಕಂಡು ಬದುಕಾದು ನಂಗೆ ಬ್ಯಾಡ" ಎಂದು ಮಗಳ ಬಾಯಿಗೂ ಬೀಗ ಹಾಕಿದ್ದಳು. ಆ ಮಗಳು, ಹಿರಿಯೂರಿಗೆ ಮದುವೆಯಾಗಿ ಹೋದವಳು, ಅಳುತ್ತಾ ನನಗೆ ಫೋನ್ ಮಾಡಿದಳು. "ಮಾಮ, ನೀನೇ ಹೋಗಿ ಹೇಳು. ನೀನು ಸೈನ್ಸ್ ಮೇಷ್ಟ್ರು."

ದಸರಾ ರಜೆ ಬಂತು. ಸೈನ್ಸ್ ಮೇಷ್ಟ್ರು ಬಾಗೂರಿಗೆ ಹೊರಟರು. ಜೊತೆಗೆ ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಬಣ್ಣದಿಂದ ನಾನೇ ಬರೆದ ಚಾರ್ಟು.

ಅಕ್ಕ ಚಾರ್ಟನ್ನು ಅಕ್ಕರೆಯಿಂದ ನೋಡಿದಳು. "ಅಕ್ಷರ ಈಗ್ಲೂ ಎಷ್ಟು ದುಂಡಗೆ ಬರೀತೀಯೋ" ಎಂದು ಮೆಚ್ಚಿ, ಹಿಟ್ಟಿನ ಡಬ್ಬದ ಮುಚ್ಚಳ ಸಡಿಲವಾಗಿತ್ತೆಂದು ಅದನ್ನು ನಾಲ್ಕಾಗಿ ಮಡಚಿ ಡಬ್ಬದ ಬಾಯಿಗೆ ಬಿಗಿದಳು. ನಾನು ಬಾಯಿ ಮಾತಿಗೆ ಇಳಿದೆ. ಮೊದಲ ಪಾಠ, ಮುದ್ದೆ ಎರಡಲ್ಲ, ಒಂದು. ಅಕ್ಕ ಒಪ್ಪಿದಳು. ಮಧ್ಯಾಹ್ನ ಅವಳು ತನಗೆಂದು ತೆಗೆದಿಟ್ಟ ತಟ್ಟೆಯಲ್ಲಿ ನಿಜವಾಗಿಯೂ ಒಂದೇ ಮುದ್ದೆಯಿತ್ತು. ತೆಂಗಿನಕಾಯಿಯಷ್ಟಿತ್ತು.

"ಅಕ್ಕ, ಇದೇನಿದು?"

"ಒಂದೇ ಐತೆ. ಬೇಕಾದ್ರೆ ಎಣಿಸ್ಕ."

ಎರಡು ಮುದ್ದೆಯ ಹಿಟ್ಟನ್ನು ಒಂದೇ ಉಂಡೆ ಮಾಡಿ ತಮ್ಮನ ಮಾತು ಉಳಿಸಿದ ಸಮಾಧಾನ ಅವಳ ಮುಖದಲ್ಲಿತ್ತು. ನಾನು ಸಂಖ್ಯೆ ಬಿಟ್ಟು ಗಾತ್ರಕ್ಕೆ ಬಂದೆ. ಮುಷ್ಟಿ ಹಿಡಿ, ಅಷ್ಟು ಮುದ್ದೆ ಸಾಕು ಎಂದೆ. ಅಕ್ಕ ಮುಷ್ಟಿ ಹಿಡಿದು ನೋಡಿಕೊಂಡಳು. ಮೂಲೆಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದ ಗಂಡನ ಕೈ ನೋಡಿದಳು. "ನಿಮ್ಮ ಭಾವನ ಮುಷ್ಟಿ ಆಗಾಕಿಲ್ಲೇನು?"

ಭಾವ ಸಾರಿಗೆ ಮುದ್ದೆ ಅದ್ದಿ ನುಂಗಿದರು. ಅವರು ಮಾತಾಡುವುದೇ ಅಪರೂಪ. ದಿನಕ್ಕೆ ಮೂರು ಮುದ್ದೆ ತಿಂದು ಒಣಗಿದ ಸೌದೆಯ ಹಾಗಿರುವ ಮನುಷ್ಯ. ಬೆಳಗ್ಗೆ ಹೊಲಕ್ಕೆ ಹೋದರೆ ಎಮ್ಮೆಯೊಂದಿಗೆ ಮನೆಗೆ ಬರುವುದು ಸಂಜೆಗೆ. ರಜೆಯಲ್ಲಿ ನಾನಿದ್ದೇನೆಂದು ಮಧ್ಯಾಹ್ನದ ಊಟಕ್ಕೂ ಬಂದು ಹೋಗುತ್ತಿದ್ದರು.

ಎರಡನೇ ಪಾಠ ಊಟದ ಸರದಿ. ಮೊದಲು ಪಲ್ಯ, ಕಾಳು, ಕೊನೆಗೆ ಮುದ್ದೆ. ನಾನು ಮಾಡಿ ತೋರಿಸಿದೆ. ಅವತ್ತು ಹುರುಳಿಕಾಳು ಹಾಕಿದ ಸೊಪ್ಪಿನ ಪಲ್ಯ. ನಾನೂ ಭಾವನೂ ಹೊಟ್ಟೆ ತುಂಬ ಉಂಡು ಎದ್ದೆವು. ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಕ್ಕ ಒಲೆಯ ಪಕ್ಕ ಕೂತು ಉಣ್ಣುತ್ತಿದ್ದಳು. ತಟ್ಟೆಯಲ್ಲಿ ಮುದ್ದೆ ಮತ್ತು ಸಾರು. ಪಲ್ಯದ ಪಾತ್ರೆ ತೊಳೆಯಲು ಇಟ್ಟಿತ್ತು.

"ಪಲ್ಯ ಎಲ್ಲಕ್ಕ?"

"ಆತಲ್ಲ. ನೀವು ಚೆಂದಾಗಿ ಉಂಡ್ರಿ."

ನೀರಿನ ಲೋಟ ಕೆಳಗಿಟ್ಟೆ. ಅಕ್ಕ ಯಾವತ್ತೂ ಎಲ್ಲರಾದ ಮೇಲೆ ಉಣ್ಣುವವಳು. ಅವಳ ಸರದಿ ಬರುವ ಹೊತ್ತಿಗೆ ಪಲ್ಯ ಮುಗಿದಿರುತ್ತಿತ್ತು, ಕಾಳು ತಳಕ್ಕಿಳಿದು ಯಾರದೋ ತಟ್ಟೆ ಸೇರಿರುತ್ತಿತ್ತು. ಉಳಿಯುತ್ತಿದ್ದದ್ದು ಮುದ್ದೆ, ಸಾರು, ಅನ್ನ. ಹಸಿವನ್ನು ಅದರಲ್ಲೇ ತುಂಬಿಸಿಕೊಳ್ಳಬೇಕು. ಐದು ವರ್ಷ ನಾನು ಬಡಿಸಿಕೊಂಡು ಬಡಿಸಿಕೊಂಡು ತಿಂದ ಪಲ್ಯ ಯಾರ ಪಾಲಿನದು ಎಂದು ಆವರೆಗೆ ಒಂದು ದಿನವೂ ಯೋಚಿಸಿರಲಿಲ್ಲ. ಸಮತೋಲನ ಆಹಾರದ ಪಾಠವನ್ನು ಅಷ್ಟು ಸಲ ಮಾಡಿದವನಿಗೆ ಅಕ್ಕನ ತಟ್ಟೆ ಕಾಣಿಸಿರಲಿಲ್ಲ. ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು.

ಭಾವ ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ಮರುದಿನ ಊಟಕ್ಕೆ ಕೂರುವ ಮುಂಚೆ ಅವರೇ ಎದ್ದು ಒಂದು ಬಟ್ಟಲು ತುಂಬ ಪಲ್ಯ ತೆಗೆದು ಗೂಡಿನಲ್ಲಿಟ್ಟು, ಅಕ್ಕನಿಗೆ, "ಇದು ನಿಂದು" ಎಂದರು. ಅಕ್ಕ ಹೊಸ ಮದುವಣಗಿತ್ತಿಯ ಹಾಗೆ ಸೆರಗು ಸರಿಮಾಡಿಕೊಂಡು, "ಇದೇನಪ್ಪ ಹೊಸ ಆಟ" ಎಂದಳು. ಆದರೆ ತಿಂದಳು, ಮುದ್ದೆಗಿಂತ ಮೊದಲೇ ತಿಂದಳು. ಹೊಟ್ಟೆ ತುಂಬಿದ್ದರಿಂದ ಮುದ್ದೆಯೂ ಅವಳ ಮುಷ್ಟಿಯಷ್ಟಕ್ಕೇ ಇಳಿಯಿತು.

ಹೀಗೆ ಎರಡು ಪಾಠ ಹೇಗೋ ದಡ ಸೇರಿದವು. ಮೂರನೆಯದು ನಡಿಗೆ. ಅಲ್ಲಿ ನಾನು ಮಕಾಡೆ ಬಿದ್ದೆ.

"ದಿನಾ ಉಂಡ ಮೇಲೆ ಕೆರೆ ಏರಿ ತನಕ ಹೋಗಿ ಬಾ ಅಕ್ಕ."

"ಅಲ್ಲೇನು ಕೆಲಸ ಐತೆ ನಂಗೆ?"

"ಕೆಲಸ ಏನಿಲ್ಲ. ಸುಮ್ನೆ ನಡೆಯೋದು."

"ಕೆಲಸ ಇಲ್ದೆ ಬೀದೀಲಿ ತಿರುಗಾಕೆ ನಂಗೇನು ಹುಚ್ಚಾ? ಬೆಳಗಿಂದ ನಿಂತ ಕಾಲು ಮಡಚಿಲ್ಲ ನಾನು."

ಅದೂ ನಿಜವೇ. ನಿಂತು ಮಾಡುವ ಕೆಲಸ ಬೇರೆ, ಉಂಡ ಮೇಲೆ ಒಂದೇ ಸಮ ನಡೆಯುವುದು ಬೇರೆ ಎಂದು ಸ್ನಾಯುವಿನ ಚಿತ್ರ ಬರೆದು ವಿವರಿಸಿದೆ. ಅವಳು ಆಕಳಿಸಿದಳು. ಸರಿ, ಮಾಡಿಯೇ ತೋರಿಸೋಣವೆಂದು ನಾನೊಬ್ಬನೇ ಹೊರಟೆ. ಎದುರುಮನೆಯ ರತ್ನಮ್ಮ ಹೊಸ್ತಿಲಲ್ಲಿ ಕೂತಿದ್ದರು. "ಎತ್ಲಾಗೆ ಹೊಂಟ್ರಿ ಮೇಷ್ಟ್ರೆ?" "ಎಲ್ಲಿಗೂ ಇಲ್ಲ, ಸುಮ್ನೆ." "ಸುಮ್ನೆ ಅಂದ್ಮೇಲೆ ಬರ್ರಿ, ಕುಂತ್ಕಳ್ರಿ, ಟೀ ಕುಡ್ಯಾಣ." ಬೇಡವೆಂದರೆ ಕೇಳುವವರಲ್ಲ. ಅಲ್ಲಿಂದ ಎದ್ದು ಇಪ್ಪತ್ತು ಹೆಜ್ಜೆ ಹಾಕಿದರೆ ಪಂಚರ್ ಅಂಗಡಿಯ ಬಾಷಾಣ್ಣ. ಹಿಂದೊಂದು ರಜೆಯಲ್ಲಿ ಅವರ ಮಗನಿಗೆ ನಾನು ಪಾಠ ಹೇಳಿದ್ದೆ. ಅವರು ಟೀ ಜೊತೆ ಬಿಸ್ಕತ್ತನ್ನೂ ತರಿಸಿದರು. ಕೆರೆ ಏರಿ ಕಣ್ಣಿಗೆ ಕಾಣುವಷ್ಟರಲ್ಲಿ ಮೂರು ಟೀ ಆಗಿತ್ತು. ನಮ್ಮ ಕಡೆ ಟೀ ಎಂದರೆ ಪಾಯಸಕ್ಕೆ ಚಿಕ್ಕಮ್ಮನ ಮಗಳು. ಸಕ್ಕರೆ ಇಳಿಸಲು ಹೋದವನು ಸಕ್ಕರೆ ತುಂಬಿಕೊಂಡು ವಾಪಸ್ಸು ಬಂದೆ. ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಆತಾ ವ್ಯಾಯಾಮ?"

ಪಟ್ಟಣದ ಸುಖ ಅವತ್ತು ಅರ್ಥವಾಯಿತು. ದುರ್ಗದಲ್ಲಿ ನಾನು ಬೆಳಗಿಂದ ಸಂಜೆ ತನಕ ನಡೆದರೂ ಯಾರೂ ಎಲ್ಲಿಗೆಂದು ಕೇಳುವುದಿಲ್ಲ. ಊರಲ್ಲಿ ನಡಿಗೆಗೆ ಒಂದು ಕಾರಣ ಬೇಕು. ಕಾರಣವಿಲ್ಲದ ಮನುಷ್ಯನನ್ನು ಕೂರಿಸಿ ಉಪಚರಿಸುವುದು ಅಲ್ಲಿಯ ಮರ್ಯಾದೆ.

ಭಾವ ಆ ರಾತ್ರಿ ಊಟದ ಹೊತ್ತಿಗೆ ಆ ರಜೆಯ ಅತ್ಯಂತ ಉದ್ದದ ಮಾತಾಡಿದರು. "ನಾಳೆ ಕೈಯಾಗೆ ಒಂದು ಹಗ್ಗ ಹಿಡ್ಕಂಡು ಹೋಗಪ್ಪ. ಎಮ್ಮೆ ಹುಡುಕೋನ್ನ ಯಾರೂ ಟೀಗೆ ಕರೆಯಾಕಿಲ್ಲ."

ಎಂಥ ಉಪಾಯ! ಮರುದಿನ ಉಂಡು, ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟೆ. ರತ್ನಮ್ಮ ಹಗ್ಗ ನೋಡಿದರು. "ಎಮ್ಮೆ ತಪ್ಪಿಸ್ಕಂತಾ ಮೇಷ್ಟ್ರೆ?" ಮೇಷ್ಟರಾಗಿ ಸುಳ್ಳು ಹೇಳುವಂತಿಲ್ಲ, ಅಕ್ಕನ ಗುಟ್ಟಿನಿಂದಾಗಿ ನಿಜವನ್ನೂ ಹೇಳುವಂತಿಲ್ಲ. ಗಂಟಲಲ್ಲೇ ಒಂದು ಸದ್ದು ಮಾಡಿ ಮುಂದೆ ಹೋದೆ. ಬಾಷಾಣ್ಣನಿಗೂ ಅದೇ ಸದ್ದು. ಯಾರೂ ತಡೆಯಲಿಲ್ಲ. ಗಾಳಿ ತಣ್ಣಗಿತ್ತು, ಎರಡೂ ಕಡೆ ರಾಗಿ ಹೊಲ ತೆನೆ ಬಿಟ್ಟಿತ್ತು. ಜೋಗಿಮಟ್ಟಿ ರಸ್ತೆಯಲ್ಲೂ ಸಿಗದ ಸುಖದಲ್ಲಿ ಏರಿಯ ತುದಿ ಮುಟ್ಟಿ ಹಿಂತಿರುಗಿ ನೋಡಿದರೆ, ಊರ ಕಡೆಯಿಂದ ಜನ ಬರುತ್ತಿದ್ದಾರೆ.

ಮುಂದೆ ಬಾಷಾಣ್ಣ, ಅಂಗಡಿ ಹಾಗೇ ಬಿಟ್ಟು ಬೈಕಿನಲ್ಲಿ. ಹಿಂದೆ ಕೋಲು ಹಿಡಿದ ನಾಲ್ಕೈದು ಜನ. "ನಾಕು ಕಡೆ ಫೋನ್ ಮಾಡೀನಿ ಮೇಷ್ಟ್ರೆ, ಹೆದರ್ಬ್ಯಾಡ್ರಿ. ಗಂಗಕ್ಕನ ಎಮ್ಮೆ ಅಂದ್ರೆ ನಮ್ಮೆಮ್ಮೆ ಇದ್ದಂಗೆ" ಎಂದರು. ನನಗೆ ಬೆವರು ಬಂತು. ಅವರ ಹಿಂದೆ ದಾಪುಗಾಲು ಹಾಕಿಕೊಂಡು ಬರುತ್ತಿದ್ದವಳು ಅಕ್ಕ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವಳಿಗೆ ರತ್ನಮ್ಮ ಓಡಿಹೋಗಿ ಸುದ್ದಿ ಮುಟ್ಟಿಸಿದ್ದರು. ಕೈಯಲ್ಲಿನ್ನೂ ಸೋಪಿನ ನೊರೆ. "ಕರು ಹಾಕಿ ಒಂದು ತಿಂಗಳಾಗಿಲ್ವಲ್ಲೋ, ಎತ್ಲಾಗೆ ಹೋತು?" ಎಂದು ನನ್ನನ್ನು ದಾಟಿಕೊಂಡು ಹೋಗಿಯೇ ಬಿಟ್ಟಳು. ನಾನು "ಅಕ್ಕ, ನಿಲ್ಲು" ಎನ್ನುತ್ತಾ ಹಿಂದೆ ಓಡಿದೆ. ಅವಳು ನಿಲ್ಲಲಿಲ್ಲ. ಏರಿ ಇಳಿದು, ಕೆರೆಯ ಆಚೆ ದಡ ಸುತ್ತಿ, ಗುಡ್ಡದ ಬುಡದವರೆಗೂ ಒಂದೇ ಉಸಿರಿಗೆ ನಡೆದಳು. ಹಿಂದೆ ಏದುಸಿರು ಬಿಡುತ್ತಾ ವ್ಯಾಯಾಮ ಹೇಳಿಕೊಡಲು ಬಂದ ತಮ್ಮ.

ಗುಡ್ಡದ ಬುಡದಲ್ಲಿ, ಹುಣಸೆ ಮರದ ಕೆಳಗೆ, ಎಮ್ಮೆ ಮಲಗಿಕೊಂಡು ಮೆಲುಕು ಹಾಕುತ್ತಿತ್ತು. ಪಕ್ಕದಲ್ಲಿ ಭಾವ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. "ಯಾಕೆ, ಎಲ್ರೂ ಬಂದ್ರಿ?" ಎಂದರು. ಇದೆಲ್ಲ ಅವರದೇ ಹುನ್ನಾರ ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಕೇಳಿದರೆ ಎಲೆಗೆ ಸುಣ್ಣ ಸವರುತ್ತಾರೆ.

ಬಂದವರಿಗೆಲ್ಲ ಅಕ್ಕನೇ ಏನೋ ಸಮಜಾಯಿಷಿ ಹೇಳಿ ಕಳಿಸಿದಳು. ಮನೆಗೆ ಬಂದ ಮೇಲೆ ನನ್ನ ಗ್ರಹಚಾರ ಬಿಡಿಸಿದಳು. "ನಿನ್ನ ಸೈನ್ಸಿಗಿಷ್ಟು ಬೆಂಕಿ ಹಾಕ" ಎಂದಳು. ನಾನು ಬೈಸಿಕೊಳ್ಳುತ್ತಲೇ ಮಗಳು ಕೊಟ್ಟು ಹೋಗಿದ್ದ ಸಕ್ಕರೆ ನೋಡುವ ಮಿಷನ್ನು ತಂದು, ಅವಳ ಬೆರಳಿಗೆ ಚುಚ್ಚಿದೆ. ದಿನವೂ ಊಟವಾದ ಎರಡು ಗಂಟೆಗೆ ನೋಡಿ ಬರೆದಿಡುತ್ತಿದ್ದೆವು. ಅವತ್ತಿನ ಅಂಕಿ ಆ ವಾರದಲ್ಲೇ ಅತಿ ಕಡಿಮೆಯಾಗಿತ್ತು. ಒಂದು ದಿನದ ಅಂಕಿಯಿಂದ ಏನನ್ನೂ ತೀರ್ಮಾನಿಸಬಾರದೆಂದು ಮಕ್ಕಳಿಗೆ ಹೇಳುವವನು ನಾನೇ. ಆದರೂ ಕುಣಿದಾಡಿದೆ. ಅಕ್ಕ ಮಿಷನ್ನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ನಡೆದಿದ್ದಕ್ಕೇ ಇಷ್ಟು ಇಳೀತಾ?"

"ನಡೆದಿದ್ದಕ್ಕೆ. ಪಲ್ಯಕ್ಕೂ ಸ್ವಲ್ಪ ಪುಣ್ಯ ಸೇರ್ಬೇಕು."

ಮಾರನೇ ದಿನ ಉಂಡು ಕೈ ತೊಳೆದವಳೇ ಅಕ್ಕ ಹಗ್ಗ ಎತ್ತಿಕೊಂಡು ಹೊರಟಳು.

ನನ್ನ ರಜೆ ಮುಗಿಯಿತು. ಹೊರಡುವಾಗ ಅವಳು ಇನ್ನೊಂದು ಹಗ್ಗ ತಂದು ನನ್ನ ಚೀಲಕ್ಕೆ ತುರುಕಿ, ಹೊಟ್ಟೆಯ ಕಡೆ ಕಣ್ಣು ಹಾಯಿಸಿ, "ನೀನೂ ಹುಡುಕು" ಎಂದಳು. ಅದೇ ಈಗ ನಮ್ಮ ಮೊಳೆಯಲ್ಲಿರುವುದು. ಊಟವಾದ ಮೇಲೆ ಅದನ್ನು ನೋಡಿದರೆ ಕೂರಲು ಮನಸ್ಸಾಗುವುದಿಲ್ಲ. ಚಪ್ಪಲಿ ಮೆಟ್ಟುತ್ತೇನೆ. ವಡೆಯ ವಿಷಯ ಕೇಳಬೇಡಿ.

ಆಮೇಲೆ ಅಕ್ಕನ ಫೋನುಗಳು ಬರತೊಡಗಿದವು. ಪಕ್ಕದಲ್ಲಿ ಯಾರಾದರೂ ಇದ್ದರೆ ಗೊತ್ತಾಗಬಾರದಲ್ಲ, ಗುಟ್ಟಿನ ಭಾಷೆಯಲ್ಲೇ ವರದಿ. "ಇವತ್ತು ಎಮ್ಮೆ ಗುಡ್ಡದ ತನಕ ಹೋಗಿತ್ತು ಕಣಲೇ." ಎಂದರೆ ಪೂರ್ತಿ ನಡೆದಳು ಎಂದರ್ಥ. "ಮಳೆ, ಎಮ್ಮೆ ಮನೇಲೇ ಐತೆ." "ಯಾರೋ ನೆಂಟ್ರು ಬಂದ್ರು, ಎಮ್ಮೆ ಅರ್ಧ ದಾರೀಲೇ ಸಿಕ್ತು." ಬಾಗೂರಿನ ಜನ ದಡ್ಡರೇನಲ್ಲ. ದಿನಾ ಮಧ್ಯಾಹ್ನ ಉಂಡ ಮೇಲೆಯೇ ಕಳೆದುಹೋಗುವ ಎಮ್ಮೆಯ ಬಗ್ಗೆ ಅವರಿಗೆ ಏನನ್ನಿಸಿತೋ. ಮೊದಲ ವಾರ ಹುಡುಕಲು ಬಂದವರು ಆಮೇಲೆ ಬರಲಿಲ್ಲ. "ಸಿಗ್ತೇನಕ್ಕ?" ಎಂದು ಕೇಳಿ ಸುಮ್ಮನಾಗುತ್ತಿದ್ದರು. ಅಕ್ಕನೂ "ಸಿಗ್ತಪ್ಪ" ಎಂದು ಮುಂದೆ ಹೋಗುತ್ತಿದ್ದಳು.

ಮೂರು ತಿಂಗಳು ತುಂಬಿದ್ದು ಸಂಕ್ರಾಂತಿಯ ಮರುವಾರ. ನಾನು ರಜೆ ಹಾಕಿ ಹೊಸದುರ್ಗಕ್ಕೆ ಹೋದೆ. ಅಕ್ಕ ಮದುವೆ ಮನೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಡಾಕ್ಟರು ಚೀಟಿ ನೋಡುವಾಗ ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು. ನನ್ನನ್ನು ಕೈ ಹಿಡಿದು ಶಾಲೆಗೆ ಸೇರಿಸಿದವಳು. ಡಾಕ್ಟರು ಹಳೆಯ ಚೀಟಿಯನ್ನೂ ಹೊಸ ಚೀಟಿಯನ್ನೂ ಪಕ್ಕಪಕ್ಕ ಇಟ್ಟು, "ಇಳಿದೈತಮ್ಮ. ಪೂರ್ತಿ ಅಲ್ಲ, ಆದ್ರೆ ಚೆನ್ನಾಗಿ ಇಳಿದೈತೆ. ಇನ್ಸುಲಿನ್ ಸದ್ಯಕ್ಕೆ ಬೇಡ. ಏನು ಮಾಡಿದ್ರಿ?" ಎಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

ಬಾಗೂರಿನಲ್ಲಿ ಬಸ್ಸು ಇಳಿದಾಗ ಸಂಜೆ ಬಿಸಿಲು. ಮನೆಯ ಕಡೆ ತಿರುಗಬೇಕಾದವಳು ರೇಷ್ಮೆ ಸೀರೆಯಲ್ಲೇ ಕೆರೆಯ ದಾರಿ ಹಿಡಿದಳು. ನಾನು ಚೀಟಿಯ ಕವರು ಹಿಡಿದು ಹಿಂದೆ ನಡೆದೆ. ಅಂಗಡಿಯಿಂದ ಬರಿಗಾಲಲ್ಲಿ ಬರುತ್ತಿದ್ದ ರತ್ನಮ್ಮ ಎದುರಾದರು. ಬಾಯಲ್ಲಿ ತುಂಟ ನಗೆ.

"ಇವತ್ತೂ ತಪ್ಪಿಸ್ಕಂತೇನು ಗಂಗಕ್ಕ?"

ಅಕ್ಕ ಎಂದಿನಂತೆ ಹೂಂಗುಟ್ಟಿ ಮುಂದೆ ಹೋಗುತ್ತಾಳೆ ಅಂದುಕೊಂಡೆ. ಅವಳು ನಿಂತಳು.

"ಏನೂ ತಪ್ಪಿಸ್ಕಂಡಿಲ್ಲ ಕಣೆ. ನಂಗೆ ಸಕ್ಕರೆ ಕಾಯಿಲೆ ಐತೆ. ಇನ್ನೂ ಒಂದಷ್ಟು ವರ್ಸ ನನ್ನ ಕಾಲ ಮೇಲೆ ನಾನು ಬದುಕ್ಬೇಕು ಅಂತ ಆಸೆ ಐತೆ. ಅದಕ್ಕೆ ನಡೀತೀನಿ."

ರತ್ನಮ್ಮನ ನಗು ಹೋಯಿತು. ಅವರು ಪಾಪ ಎನ್ನಲಿಲ್ಲ. ಆ ಕಡೆ ಈ ಕಡೆ ನೋಡಿ, ಕೈಯಲ್ಲಿದ್ದ ಸಾಮಾನಿನ ಚೀಲವನ್ನು ಕಂಕುಳಿಗೆ ಸೇರಿಸಿ, ತಗ್ಗಿದ ದನಿಯಲ್ಲಿ ಹೇಳಿದರು.

"ನಂಗೂ ಐತೆ ಕಣಕ್ಕ. ಎರಡು ವರ್ಸ ಆತು. ಮನೇಲೂ ಹೇಳಿಲ್ಲ. ನಿಂತ್ಕ, ಚಪ್ಪಲಿ ಮೆಟ್ಕಂಡು ಬತ್ತೀನಿ."

ಅಕ್ಕ ನಿಂತುಕೊಂಡಳು.